ಕೊಲ್ಲಾಪುರದ ಕಬ್ಬಿಣ

ನಮ್ಮ ಮನೆಯ ತಲೆಬಾಗಿಲು ಗಾಳಿಗೆ ಬಡಿಯುತ್ತದೆ. ಅದಕ್ಕೆಂದು ಬುಡದಲ್ಲಿ ಒಂದು ಕಲ್ಲು ಇಟ್ಟಿದ್ದೇವೆ. ರೊಟ್ಟಿ ಬೇಯಿಸುವ ಹಂಚಿನಷ್ಟು ಅಗಲ, ಮೂರು ಬೆರಳು ದಪ್ಪ, ನಡುವೆ ಸರಳು ತೂರುವಂಥ ತೂತು, ಮೈತುಂಬ ಕರಿಯ ಬಣ್ಣ, ಆ ಕರಿಯದರ ಮೇಲೆ ಬಿಳಿಯ ಬಣ್ಣದಲ್ಲಿ ಬರೆದ ಹತ್ತು ಎಂಬ ಅಂಕಿ. ಇವತ್ತು ಬೆಳಿಗ್ಗೆ ಅಂಗಳ ತೊಳೆಯಲು ಬರುವ ರೇಣವ್ವ ತುಂಬಿದ ಬಕೀಟನ್ನು ಅದರ ಮೇಲೆ ಕುಕ್ಕಿದಳು. ಬಣ್ಣದ ಒಂದು ಚಕ್ಕೆ ಎದ್ದು ಬಂತು. "ಅಜ್ಜಾರ, ಇಲ್ಲಿ ನೋಡ್ರಿ, ಒಳಗ ಕೆಂಪ ಐತಿ ಇದು!" ಎಂದು ಕೂಗಿದಳು. ನಾನು ಪೇಪರಿನಿಂದ ತಲೆ ಎತ್ತದೆ, "ಗೊತ್ತೈತಿ ಬಿಡವಾ" ಅಂದೆ. ಆಮೇಲೆ ಪೇಪರಿನಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ.

ನಿಮಗೆ ಯಾರ ಮೇಲಾದರೂ ಹೊಟ್ಟೆಕಿಚ್ಚು ಆದದ್ದುಂಟೇ? ಇಲ್ಲವೆನ್ನುವ ಪುಣ್ಯವಂತರು ಈ ಪುಟ ಮಗುಚಿ ಮುಂದಕ್ಕೆ ಹೋಗಬಹುದು, ನನಗೇನೂ ಬೇಸರವಿಲ್ಲ. ಉಳಿದವರು ಸ್ವಲ್ಪ ಹತ್ತಿರ ಸರಿದು ಕುಳಿತುಕೊಳ್ಳಿ. ನನ್ನದು ಆಗಾಗ ಬಂದು ಹೋಗುವ ಸಣ್ಣ ಕಿಚ್ಚಲ್ಲ. ಒಬ್ಬನೇ ಮನುಷ್ಯನ ಮೇಲೆ, ವರ್ಷಗಟ್ಟಲೆ, ಬಿಡುವಿಲ್ಲದೆ ಉರಿದದ್ದು. ಅವನು ಸಾಹುಕಾರನಲ್ಲ, ಪುಢಾರಿಯಲ್ಲ, ನನ್ನ ದಾಯಾದಿಯಂತೂ ಅಲ್ಲವೇ ಅಲ್ಲ. ಇಳಕಲ್ಲಿನ ಕನ್ನಡ ಸಾಲೆಯಲ್ಲಿ ನನ್ನ ಮಗ್ಗುಲಿಗೆ ಕೂಡುತ್ತಿದ್ದ ಶಿವಪುತ್ರ.

ಸಾಲೆಯ ದಿನಗಳಲ್ಲಿ ನಾವಿಬ್ಬರೂ ಒಣಗಿದ ತೊಗರಿ ಕಟ್ಟಿಗೆಯಂತಿದ್ದೆವು. ಹಣಮಪ್ಪನ ಗುಡಿಯ ಹಿಂದೆ ಒಬ್ಬ ಮುದುಕ ಉಸ್ತಾದರು ತಾಲೀಮು ನಡೆಸುತ್ತಿದ್ದರು. ಗರಡಿಮನೆಗೆ ನಮ್ಮ ಕಡೆ ತಾಲೀಮು ಎನ್ನುವುದು ವಾಡಿಕೆ. ಇಬ್ಬರೂ ಒಂದೇ ದಿನ ಸೇರಿದೆವು. ಮೊದಲ ದಿನ ಮೈಗೆಲ್ಲ ಎಣ್ಣೆ, ಎರಡನೆಯ ದಿನ ಮೈಗೆಲ್ಲ ಕೆಮ್ಮಣ್ಣು. ಮೂರನೆಯ ದಿನ ಉಸ್ತಾದರು ಒಂದು ಗುಂಡುಕಲ್ಲು ತೋರಿಸಿ "ಎತ್ತು" ಅಂದರು. ಶಿವಪುತ್ರ ಹಲ್ಲು ಕಚ್ಚಿ ಮೊಣಕಾಲಿನವರೆಗೆ ತಂದು ಬಿಟ್ಟ. ನನ್ನ ಕೈಗೆ ಕಲ್ಲು ಅಲುಗಲೂ ಇಲ್ಲ. ನನ್ನ ಲಂಗೋಟಿಯ ಗಂಟು ಮಾತ್ರ ಬಿಚ್ಚಿತು. ಇಡೀ ತಾಲೀಮು ಬಿದ್ದು ಬಿದ್ದು ನಕ್ಕಿತು. ಶಿವಪುತ್ರನೂ ನಕ್ಕ. ಅಂದೇ ಶಪಥ ಮಾಡಿದೆ, ಇನ್ನು ಈ ಜನ್ಮದಲ್ಲಿ ಕಲ್ಲಿಗೆ ಕೈ ಹಚ್ಚುವುದಿಲ್ಲವೆಂದು. ಮೈಯಲ್ಲಿ ಬಲವಿಲ್ಲದಿದ್ದರೂ ಹಟದಲ್ಲಿ ನಾನು ಗಟ್ಟಿ.

ಮುಂದೆ ನಾನು ಮೆಟ್ರಿಕ್ ಮುಗಿಸಿ ಹುನಗುಂದದ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನನಾದೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು, ಸಂಜೆ ನಿಂತುಕೊಂಡೇ ಬರುವುದು. ಶಿವಪುತ್ರ ಮೆಟ್ರಿಕ್ಕಿನಲ್ಲಿ ಡುಮ್ಕಿ ಹೊಡೆದ. ಅಯ್ಯೋ ಪಾಪ ಎಂದು ನಾನು ಮನಸಾರೆ ಮರುಗಿದೆ. ಮರುಗುವುದರಲ್ಲಿ ಎಂಥ ಸುಖವಿದೆ ಎಂಬುದು ನಿಮಗೂ ಗೊತ್ತಿರಬಹುದು. ಆ ಸುಖ ಬಹಳ ದಿನ ಬಾಳಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಬಾಗಲಕೋಟೆಯಲ್ಲಿ ನಡೆದ ದೇಹದಾರ್ಢ್ಯದ ಸ್ಪರ್ಧೆಯೊಂದರಲ್ಲಿ ಅವನು ಮೊದಲನೆಯವನಾಗಿ ಬಂದ. ಒಂದು ಕಪ್ಪು ಸಿಕ್ಕಿತು. ಮೈಗೆ ಎಣ್ಣೆ ಹಚ್ಚಿಕೊಂಡು, ಕಪ್ಪನ್ನು ಎದೆಗವಚಿಕೊಂಡು, ಅಲ್ಲಿನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡು ಬಂದ. ತಿಂಗಳೊಳಗೆ ಪೇಟೆಯ ಹಿಂದಿನ ಓಣಿಯಲ್ಲಿ, ಮಗ್ಗಗಳಿದ್ದ ಹಳೆಯ ಪಡಸಾಲೆಯೊಂದನ್ನು ಬಾಡಿಗೆಗೆ ಹಿಡಿದು, ಬೋರ್ಡು ತೂಗುಹಾಕಿದ. ಮೇಲೆ ದೊಡ್ಡ ಅಕ್ಷರದಲ್ಲಿ "ವ್ಯಾಯಾಮ ಶಾಲೆ". ಕೆಳಗೆ ಸಣ್ಣಕ್ಷರದಲ್ಲಿ "ತಿಂಗಳ ಶುಲ್ಕ ಐದು ರೂಪಾಯಿ".

ಆ ಬೋರ್ಡಿನ ಎದುರಿಗೇ ಒಂದು ಚಹಾದ ಅಂಗಡಿ, ಅದಕ್ಕೊಂದು ಕಟ್ಟೆ. ಸಂಜೆ ಬಸ್ಸಿಳಿದು ಆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದು ನನ್ನ ನೇಮವಾಯಿತು. ಚಹಾ ನೆಪ. ನಾನು ಎಣಿಸುತ್ತಿದ್ದೆ. ಒಳಗೆ ಹೋಗುವವರು, ಹೊರಗೆ ಬರುವವರು, ಹೊಸ ಮುಖಗಳು. ಒಂದು ತಿಂಗಳಲ್ಲಿ ಅರವತ್ತು ತಲೆ ಲೆಕ್ಕಕ್ಕೆ ಸಿಕ್ಕವು. ಅರವತ್ತಕ್ಕೆ ಐದರಂತೆ ಮುನ್ನೂರು ರೂಪಾಯಿ. ನನ್ನ ಪಗಾರಕ್ಕಿಂತ ಹತ್ತೇ ಹತ್ತು ರೂಪಾಯಿ ಕಡಿಮೆ! ಮೆಟ್ರಿಕ್ ನಪಾಸಾದವನು, ಬನಿಯನ್ ಹಾಕಿಕೊಂಡು, ನಾಲ್ಕು ಮಂದಿಗೆ ದಂಡ ಬೈಠಕ್ ಹೊಡೆಸಿ, ಕೂತಲ್ಲಿಯೇ ಮುನ್ನೂರು ಎಣಿಸುತ್ತಿದ್ದಾನೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಒಳಗೆ ಏನೇನಿತ್ತೆಂದು ಬಾಗಿಲಿನಿಂದಲೇ ಕಾಣುತ್ತಿತ್ತು. ಎದುರು ಗೋಡೆಗೆ ಹಣಮಪ್ಪನ ಪಟ, ಪಟದ ಮುಂದೆ ಒಂದು ಹಿತ್ತಾಳೆ ತಾಟು. ಮಗ್ಗುಲಿಗೆ ಆಳೆತ್ತರದ ಒಂದು ಕನ್ನಡಿ, ಒಂದು ಮೂಲೆ ಒಡೆದದ್ದು. ಗೋಡೆಗೊರಗಿಸಿದ ಕರಿಯ ಬಿಲ್ಲೆಗಳು: ಐದು, ಹತ್ತು, ಇಪ್ಪತ್ತು ಎಂದು ಬಿಳಿ ಅಂಕಿ ಬರೆದವು. ಲಾರಿಯ ಎಕ್ಸೆಲ್ಲಿನಂಥ ಸಳಿಗೆ ಅವನ್ನು ಎರಡೂ ಕಡೆ ಪೋಣಿಸಿ ಹುಡುಗರು ಎತ್ತುತ್ತಿದ್ದರು. ಹಿಂದಿನ ಗೋಡೆಯಾಚೆಯಿಂದ ಖಟಕ್ ಖಟಕ್ ಎಂದು ಮಗ್ಗದ ಸದ್ದು ಬರುತ್ತಿತ್ತು. ಇಳಕಲ್ಲಿನಲ್ಲಿ ಮಗ್ಗದ ಸದ್ದು ಕೇಳದ ಓಣಿ ಎಲ್ಲಿದೆ? ಅದರತ್ತ ನಾನು ಕಿವಿ ಕೊಡಲಿಲ್ಲ. ನನ್ನ ಕಣ್ಣು ಆ ಬಿಲ್ಲೆಗಳ ಮೇಲೆಯೇ. ಅಷ್ಟು ದಪ್ಪ ಕಬ್ಬಿಣಕ್ಕೆ ಎಷ್ಟು ಕೊಟ್ಟಿರಬಹುದು? ದಪ್ಪವಿದ್ದಷ್ಟೂ ಬೆಲೆ ಹೆಚ್ಚು ಎಂದು ನನ್ನ ಲೆಕ್ಕ ಬೆಳೆಯುತ್ತ ಹೋಯಿತು.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ. ಅವನು ಮೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಿದ್ದ.

"ಲೇ ಶಿವಪುತ್ರ, ಇಷ್ಟೊಂದ ಕಬ್ಬಣ ಎಲ್ಲಿಂದ ತಂದಿ? ನಿನಗ ಯಾರ ಕೊಟ್ಟರೋ ರೊಕ್ಕ?"

ಕೇಳಿದ ಧಾಟಿ ಚೆನ್ನಾಗಿರಲಿಲ್ಲ. ಅದು ನನಗೂ ಗೊತ್ತಿತ್ತು. ಅವನು ಒಂದು ಗಳಿಗೆ ನನ್ನ ಮುಖ ನೋಡಿದ.

"ಕೊಲ್ಲಾಪುರದಿಂದ ತರಿಸೇನಿ. ಲಾರಿಯೊಳಗ ಬಂತು. ಅಸಲಿ ಕಬ್ಬಣ" ಅಂದ.

ಅವನ ಹಿಂದೆ ನಿಂತಿದ್ದ ಒಬ್ಬ ಶಿಷ್ಯನಿಗೆ ಕೆಮ್ಮು ಬಂದು ಬಾಯಿಗೆ ಟವೆಲ್ಲು ಒತ್ತಿಕೊಂಡು ಒಳಗೆ ಓಡಿದ. ಧೂಳಿಗೆ ಕೆಮ್ಮು ಬಂದಿರಬೇಕು ಎಂದುಕೊಂಡೆ.

"ಒಳಗ ಬಾರಲೇ ಕಾರಕೂನ. ಒಂದ ಎತ್ತಿ ನೋಡು" ಎಂದು ಶಿವಪುತ್ರ ಕರೆದ. ಅವನು ದಿನಾ ಹೀಗೆ ಕರೆಯುತ್ತಿದ್ದ.

"ನನ್ನ ಕೈಗೆ ಪೆನ್ನ ಸಾಕೋ ಮಾರಾಯಾ" ಎಂದು ನಾನು ದಿನಾ ತಪ್ಪಿಸಿಕೊಳ್ಳುತ್ತಿದ್ದೆ.

ಹೊಟ್ಟೆಕಿಚ್ಚಿನ ಒಂದು ಗುಣವೆಂದರೆ ಅದಕ್ಕೆ ಬೇಕಾದ ಸೌದೆಯನ್ನು ಊರೇ ತಂದು ಹಾಕುತ್ತದೆ. ಶಿವಪುತ್ರ ಪೇಟೆಯಲ್ಲಿ ಹೊರಟರೆ ಸೋಡಾದಂಗಡಿಯವನು ಕರೆದು ಸೋಡಾ ಕುಡಿಸುತ್ತಿದ್ದ. ಅದೇ ಅಂಗಡಿಯವನು ನನ್ನಿಂದ ಚಿಲ್ಲರೆ ಇಲ್ಲವೆಂದರೂ ಬಿಡದೆ ವಸೂಲು ಮಾಡುತ್ತಿದ್ದ. ಗುಳೇದಗುಡ್ಡದವರು ತಮ್ಮೂರ ಕುಸ್ತಿಗೆ ಅವನನ್ನು ಕರೆಸಿ, ಹಾರ ಹಾಕಿ, ಹೆಂಡತಿ ನೀಲವ್ವನಿಗೆಂದು ಕುಪ್ಪಸದ ಒಂದು ಖಣ ಕೊಟ್ಟು ಕಳಿಸಿದರು. ಆ ಖಣದ ಸುದ್ದಿ ನಮ್ಮ ಮನೆಯನ್ನು ನನಗಿಂತ ಮೊದಲು ಮುಟ್ಟಿತ್ತು. ನನ್ನ ಹೆಂಡತಿ ರೊಟ್ಟಿ ಬಡಿಯುತ್ತ, "ನೋಡ್ರಿ, ಶಿವಪುತ್ರಣ್ಣಾರು ಹೆಂಗ ಮ್ಯಾಲ ಬಂದ್ರು. ನೀಲವ್ವನ ನಸೀಬ ಭಾಳ ಚಲೋ ಐತಿ" ಅಂದಳು. ನಸೀಬಿನ ಮಾತು ಬಂದಾಗಲೆಲ್ಲ ಅವಳ ಕೈಯಲ್ಲಿ ರೊಟ್ಟಿಯ ಸದ್ದು ಜೋರಾಗುತ್ತಿತ್ತು. ನಾನು ಎರಡೇ ರೊಟ್ಟಿಗೆ ಎದ್ದೆ.

ಅವನ ಊಟದ ಸುದ್ದಿಯಂತೂ ಕೇಳಬೇಡಿ. ದಿನಕ್ಕೆ ಎರಡು ಸೇರು ಹಾಲು, ನೆನೆಸಿದ ಬದಾಮಿ, ತುಪ್ಪ ಸುರಿದ ಗೋಧಿ ಹುಗ್ಗಿ. ನನಗೆ ಡಾಕ್ಟರು ಬರೆದುಕೊಟ್ಟ ಟಾನಿಕ್ಕನ್ನು ನಾನು ನೀರು ಬೆರೆಸಿ ಎರಡು ತಿಂಗಳು ಕುಡಿಯುತ್ತಿದ್ದ ಕಾಲ ಅದು. ಕನ್ನಡಿಯಲ್ಲಿ ಎದೆಯ ಎಲುಬು ಎಣಿಸಿಕೊಳ್ಳುವಾಗ ಅವನ ಎದೆ ನೆನಪಾಗುತ್ತಿತ್ತು. ನಿಜ ಹೇಳಬೇಕೆಂದರೆ ಅವನ ಮೈಯ ಮೇಲೆ ನನಗೆ ಅಷ್ಟು ಕಿಚ್ಚಿರಲಿಲ್ಲ. ಆ ಮೈಯ ಹಿಂದೆ ಇದೆಯೆಂದು ನಾನು ನಂಬಿದ್ದ ಗಲ್ಲಾಪೆಟ್ಟಿಗೆಯ ಮೇಲೆ ಇತ್ತು.

ಕೊನೆಯ ಕಡ್ಡಿ ಗೀರಿದ್ದು ನನ್ನ ಮಗಳು. ನಾವಿಬ್ಬರೂ ಓದಿದ ಅದೇ ಸಾಲೆಯ ವಾರ್ಷಿಕ ಸಮಾರಂಭಕ್ಕೆ ಶಿವಪುತ್ರನನ್ನು ಮುಖ್ಯ ಅತಿಥಿಯಾಗಿ ಕರೆದರು. ಮಗಳಿಗೆ ಓಟದಲ್ಲಿ ಎರಡನೆಯ ಬಹುಮಾನ ಬಂದಿತ್ತು. ಬಹುಮಾನ ಕೊಟ್ಟವನು ಅವನು. ಅಷ್ಟು ಸಾಲದೆಂದು ಗೆದ್ದ ಮಕ್ಕಳಿಗೆಲ್ಲ ತನ್ನ ಕಿಸೆಯಿಂದ ಒಂದೊಂದು ರೂಪಾಯಿ ಕೊಟ್ಟನಂತೆ. ಮಗಳು ಆ ನೋಟನ್ನು ಮಡಚದೆ ಹಿಡಿದುಕೊಂಡು ಬಂದು, "ಅಪ್ಪಾ, ನೀ ಯಾಕ ಶಿವಪುತ್ರ ಕಾಕಾನಂಗ ಇಲ್ಲ?" ಎಂದು ಕೇಳಿದಳು. ಕೇಳಿ ಆಡಲು ಓಡಿಹೋದಳು. ಮಕ್ಕಳಿಗೆ ಉತ್ತರ ಬೇಕಿರುವುದಿಲ್ಲ. ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು.

ಮರುದಿನ ಮಧ್ಯಾಹ್ನ ಕಚೇರಿಯಲ್ಲಿ ಎಲ್ಲರೂ ಊಟಕ್ಕೆದ್ದಾಗ ನಾನು ಒಂದು ಬಿಳಿಹಾಳೆ ತೆಗೆದುಕೊಂಡು ಮೂಗರ್ಜಿ ಬರೆದೆ. ಹೆಸರು ಹಾಕದೆ ಬರೆಯುವ ದೂರಿಗೆ ಮೂಗರ್ಜಿ ಎನ್ನುತ್ತಾರೆ. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಅದರ ರುಚಿ ಗೊತ್ತು. ನನ್ನ ಅಕ್ಷರ ತಾಲೂಕಿಗೇ ಪರಿಚಿತವಾದ್ದರಿಂದ ಎಡಗೈಯಿಂದ ಬರೆದೆ. "ಸದರಿ ಇಸಮು ಯಾವುದೇ ಪರವಾನಗಿ ಇಲ್ಲದೆ ವ್ಯಾಯಾಮ ಶಾಲೆ ನಡೆಸುತ್ತಿದ್ದು, ತಿಂಗಳಿಗೆ ಮುನ್ನೂರು ರೂಪಾಯಿಗೆ ಕಡಿಮೆ ಇಲ್ಲದಂತೆ ಗಳಿಸುತ್ತಿದ್ದು, ಕೊಲ್ಲಾಪುರದಿಂದ ತರಿಸಿದ ಅಸಲಿ ಕಬ್ಬಿಣದ ಬಿಲ್ಲೆಗಳೇ ಸಾವಿರಾರು ರೂಪಾಯಿ ಬಾಳುತ್ತಿದ್ದು, ಸರಕಾರಕ್ಕೆ ಒಂದು ಪೈಸೆಯನ್ನೂ ಕಟ್ಟದೆ..." ಬರೆಯುತ್ತ ಹೋದಂತೆ ಎಡಗೈ ಸಲೀಸಾಯಿತು. ಕೆಳಗೆ "ಒಬ್ಬ ನೊಂದ ನಾಗರಿಕ" ಎಂದು ಮುಗಿಸಿದೆ. ನೊಂದದ್ದಂತೂ ಸುಳ್ಳಲ್ಲ.

ಅದನ್ನು ಹುನಗುಂದದಲ್ಲಿ ಅಂಚೆಗೆ ಹಾಕಲಿಲ್ಲ, ಇಳಕಲ್ಲಿನಲ್ಲಿಯೂ ಹಾಕಲಿಲ್ಲ. ಆ ವಾರ ಬಾದಾಮಿಯಲ್ಲಿ ಬೀಗರ ಮನೆಯ ನಿಶ್ಚಯ ಕಾರ್ಯವಿತ್ತು. ಬಾದಾಮಿ ಬಸ್ ಸ್ಟ್ಯಾಂಡಿನ ಹತ್ತಿರದ ಕೆಂಪು ಡಬ್ಬಿಗೆ ತುರುಕಿದೆ. ಲಕೋಟೆ ಅರ್ಧಕ್ಕೆ ಸಿಕ್ಕಿಕೊಂಡಿತು. ಬೆರಳು ಹಾಕಿ ದೂಡುವಾಗ ಎದುರಿನ ಗೋಡೆಯ ಮೇಲೆ ಕೂತಿದ್ದ ಮಂಗ ನನ್ನನ್ನೇ ನೋಡುತ್ತಿತ್ತು. ಅದರ ಕಡೆಗೆ ಒಂದು ಕಡಲೆಕಾಯಿ ಎಸೆದು ಬಂದೆ. ಬಾಯಿ ಮುಚ್ಚಿಸಲು ಕೊಟ್ಟ ಲಂಚವೆಂದೇ ಇಟ್ಟುಕೊಳ್ಳಿ.

ಅರ್ಜಿ ಜಿಲ್ಲೆಯ ದೊಡ್ಡ ಸಾಹೇಬರಿಗೆ ಹೋಗಿತ್ತು. ಮೂರು ವಾರದ ಮೇಲೆ ವಿಚಾರಣೆಗೆಂದು ಕೆಳಗಿಳಿದು ಎಲ್ಲಿಗೆ ಬಂತು ಗೊತ್ತೇ? ಹುನಗುಂದದ ನಮ್ಮದೇ ಕಚೇರಿಗೆ. ಆವಕ ರಜಿಸ್ಟರಿನಲ್ಲಿ ಅದನ್ನು ದಾಖಲು ಮಾಡಿದವನೂ ನಾನೇ, ಈ ಸಲ ಬಲಗೈಯಿಂದ. ನಮ್ಮ ಸಾಹೇಬರು ಅರ್ಜಿ ಓದಿ, ಕನ್ನಡಕ ತೆಗೆದು, "ನೀವು ಇಳಕಲ್ಲಿನವರು. ಅಕ್ಷರಾನೂ ಚಂದ ಐತಿ. ನಾಳೆ ಮುಂಜಾನೆ ನನ್ನ ಜೋಡಿ ಬರ್ರಿ, ಪಂಚನಾಮೆ ಬರಿಬೇಕು" ಅಂದರು. ಜ್ವರದ ನೆಪ ಹೇಳಬಹುದಿತ್ತು. ಹೇಳಲಿಲ್ಲ. ಗಲ್ಲಾಪೆಟ್ಟಿಗೆ ತೆರೆಯುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿತ್ತು ಎಂದು ಇಷ್ಟು ವರ್ಷದ ಮೇಲೆ ಒಪ್ಪಿಕೊಳ್ಳುತ್ತೇನೆ.

ನಾವು ಹೋದಾಗ ಬೆಳಗಿನ ತಾಲೀಮು ನಡೆದಿತ್ತು. ಹತ್ತಿಪ್ಪತ್ತು ಜನ ಬೆವರುತ್ತಿದ್ದರು. ಶಿವಪುತ್ರ ಸಾಹೇಬರಿಗೆ ಕುರ್ಚಿ ಹಾಕಿ, ನನ್ನನ್ನು ನೋಡಿ, "ಬಾರಲೇ, ಕಡೀಕೂ ಒಳಗ ಬಂದಿ ನೋಡು" ಎಂದು ನಕ್ಕ. ನಾನು ಕಾಗದ ಪೆನ್ನು ತೆಗೆದು ಮೂಲೆಯಲ್ಲಿ ಕುಳಿತೆ. ಸಾಹೇಬರು ಅರ್ಜಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಮುನ್ನೂರು ರೂಪಾಯಿ ಎಂಬಲ್ಲಿ ಯಾರೂ ಉಸಿರೆತ್ತಲಿಲ್ಲ. "ಕೊಲ್ಲಾಪುರದಿಂದ ತರಿಸಿದ ಅಸಲಿ ಕಬ್ಬಿಣದ ಬಿಲ್ಲೆಗಳು" ಎಂಬಲ್ಲಿಗೆ ಬಂದಾಗ ಒಬ್ಬ ಫಕ್ಕನೆ ನಕ್ಕ, ಇನ್ನೊಬ್ಬ ನಕ್ಕ, ಆಮೇಲೆ ಇಡೀ ಪಡಸಾಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಲಂಗೋಟಿ ಬಿಚ್ಚಿದ ದಿನದ ಅದೇ ನಗು.

ನಡುವಯಸ್ಸಿನ ಶಿಷ್ಯನೊಬ್ಬ ಮುಂದೆ ಬಂದ. ಹತ್ತರ ಬಿಲ್ಲೆಯೊಂದನ್ನು ಎತ್ತಿ ಸಾಹೇಬರ ಮುಂದೆ ಹಿಡಿದು, ಉಗುರಿನಿಂದ ಅಂಚು ಕೆರೆದ. ಕರಿ ಹೋಗಿ ಕೆಂಪು ಬಂತು.

"ಸಾಹೇಬ್ರ, ಇದು ನಮ್ಮೂರ ಖಣಿ ಕಲ್ಲರಿ. ಒಡದ ಚೂರು ಬಿಸಾಡತಾರಲ್ಲರಿ, ಅದನ್ನ ನಾವ ಕಡದು ದುಂಡಗ ಮಾಡಿ ತೂತ ಹೊಡದ ಕೊಟ್ಟೀವಿ. ಕರೀ ಬಣ್ಣ ಬಡದಾರ ಶಿವಪುತ್ರಣ್ಣಾರು, ನೋಡಾಕ ಕಬ್ಬಣದಂಗ ಕಾಣ್ಲಿ ಅಂತ. ಇಲ್ಲಿ ಬರೋ ಎಲ್ಲಾರಿಗೂ ಗೊತ್ತೈತಿ. ಒಮ್ಮೆ ಕೈ ಹಚ್ಚಿದಾವಗ ತಿಳೀತೈತ್ರಿ."

ಎಲ್ಲರೂ ನಗುತ್ತಿದ್ದರು. ಶಿವಪುತ್ರ ಒಬ್ಬ ನಗುತ್ತಿರಲಿಲ್ಲ. ಅವನು ನನ್ನ ಕಡೆ ನೋಡುತ್ತಿದ್ದ. ಕೊಲ್ಲಾಪುರದ ಮಾತನ್ನು ಅವನು ಇಡೀ ಊರಿನಲ್ಲಿ ಒಬ್ಬನಿಗೆ ಮಾತ್ರ ಹೇಳಿದ್ದ. ಆ ಕಲ್ಲಿಗೆ ಒಮ್ಮೆಯೂ ಕೈ ಹಚ್ಚದವನು, ಹಚ್ಚದೆ ಕಬ್ಬಿಣವೆಂದು ನಂಬಿದವನು, ಊರಿನಲ್ಲಿ ಆ ಒಬ್ಬನೇ. ಎಡಗೈಯಿಂದ ಬರೆದು ಬಾದಾಮಿಯಲ್ಲಿ ಹಾಕಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಅವನು ಕಣ್ಣು ತೆಗೆದು ಸಾಹೇಬರ ಕಡೆಗೆ ತಿರುಗಿದ.

ಸಾಹೇಬರು ಲೆಕ್ಕದ ಪುಸ್ತಕ ಕೇಳಿದರು. ನೂರು ಪುಟದ ನೋಟುಬುಕ್ಕು ಬಂತು. ನಾನು ಎಣಿಸಿದ್ದು ತಪ್ಪಿರಲಿಲ್ಲ. ಹೆಸರು ಅರವತ್ತೇ ಇದ್ದವು. ಶುಲ್ಕ ಬಂದ ಗುರುತು ಹಾಕಿದ್ದು ಏಳು ಹೆಸರಿಗೆ.

"ಉಳದವರು?" ಎಂದರು ಸಾಹೇಬರು.

"ಖಣಿಯೊಳಗ ದುಡಿಯವರರಿ ಅವರು. ಒಂದಿಷ್ಟು ಮಂದಿ ಮಗ್ಗದ ಮನಿಯವರು. ಪಂಚಮಿಗೆ ಒಂದ ಕಾಯಿ, ಒಂದ ಬಟ್ಟಲ ಕೊಬ್ಬರಿ ತರ್ತಾರ್ರಿ."

"ನೀವು ಕೇಳಂಗಿಲ್ಲೇನು?"

"ಹಣಮಪ್ಪನ ಮುಂದ ನಿಂತು ಬಾಯಿ ಬಿಟ್ಟು ರೊಕ್ಕ ಕೇಳಬಾರದರಿ ತಾಲೀಮಿನ್ಯಾಗ. ನಮ್ಮ ಉಸ್ತಾದರಿಗೆ ಮಾತ ಕೊಟ್ಟೇನಿ. ಅದಕ್ಕ ಬೋರ್ಡ ಹೊರಗ ಹಾಕೇನ್ರಿ. ಬೋರ್ಡ ಕೇಳತೈತಿ. ಕೊಟ್ಟವರು ಕೊಟ್ರು."

"ಮತ್ತ ಹಾಲು, ಬದಾಮಿ, ಬಾಡಿಗಿ? ನಿಮ್ಮ ಸಂಸಾರ ಹೆಂಗ ನಡೀತೈತಿ?"

ಶಿವಪುತ್ರ ತಲೆ ಕೆಳಗೆ ಹಾಕಿದ. ಅಷ್ಟು ದೊಡ್ಡ ಮೈ ಅಷ್ಟು ಚಿಕ್ಕದಾಗಿ ಕಂಡದ್ದು ನಾನು ಅಂದೇ ನೋಡಿದ್ದು. ಗೋಡೆಯಾಚೆ ಖಟಕ್ ಖಟಕ್ ಸದ್ದು ಮಾತ್ರ ನಡೆದೇ ಇತ್ತು. ಸಾಹೇಬರು ಎದ್ದು ಹಿಂದಿನ ಕದ ದೂಡಿದರು. ಕುಣಿಮಗ್ಗದ ಕುಣಿಯಲ್ಲಿ ಸೊಂಟದವರೆಗೆ ಇಳಿದು ನೀಲವ್ವ ನೇಯುತ್ತಿದ್ದಳು. ಮಗ್ಗದ ಮೇಲೆ ಕೆಂಪು ಸೆರಗು ಅರ್ಧಕ್ಕೆ ಬಂದಿತ್ತು. ವಾರಕ್ಕೆ ಎಷ್ಟು ಸೀರೆ ಎಂದು ಸಾಹೇಬರು ಕೇಳಿದರು. ಅವಳು ಲಾಳಿ ನಿಲ್ಲಿಸದೆ, "ಎರಡರಿ. ಹಬ್ಬ ಬಂದ್ರ ಮೂರು" ಅಂದಳು. ಕೂಲಿ ಯಾರ ಕೈಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದ್ದ ಹಾಲು, ಬದಾಮಿ, ತುಪ್ಪ, ನನ್ನ ಮಗಳ ಕೈಯಲ್ಲಿದ್ದ ಒಂದು ರೂಪಾಯಿ, ಎಲ್ಲವೂ ಆ ಕುಣಿಯಿಂದ ಬಂದಿತ್ತು.

ಸಾಹೇಬರು ಸಜ್ಜನರು. ಇದರಲ್ಲಿ ಕೇಸೇನೂ ಇಲ್ಲವೆಂದರು. ಆದರೆ ಬಂದ ಅರ್ಜಿಗೆ ಏನಾದರೊಂದು ಕ್ರಮವಾಗಿದೆ ಎಂದು ಬರೆಯಬೇಕಲ್ಲ. "ಶುಲ್ಕ ಅಂತ ಬರದೀರಿ, ಅದನ್ನ ಅಳಸರಿ. ಇಲ್ಲಂದ್ರ ಪರವಾನಗಿ ತಗೋಬೇಕಾಗತೈತಿ" ಅಂದರು. ಪರವಾನಗಿಯ ಖರ್ಚು ಅವನ ಶುಲ್ಕಕ್ಕಿಂತ ಹೆಚ್ಚಿತ್ತು. ಶಿವಪುತ್ರ ಆಗಲೇ ಬಿಲ್ಲೆಗೆ ಬಡಿದು ಉಳಿದಿದ್ದ ಕರಿಯ ಬಣ್ಣ ತಂದು ಸಣ್ಣಕ್ಷರದ ಸಾಲನ್ನು ಮುಚ್ಚಿದ. "ತಿಂಗಳಿಗೆ ವಸೂಲಿ ಮೂವತ್ತೈದು ರೂಪಾಯಿ" ಎಂದು ನಾನು ಪಂಚನಾಮೆಯಲ್ಲಿ ಬರೆದೆ. ನನ್ನ ಅಕ್ಷರ ಅಂದು ಚಂದ ಬರಲಿಲ್ಲ.

ಹುನಗುಂದಕ್ಕೆ ಹೊರಟ ಬಸ್ಸಿನಲ್ಲಿ ಸಾಹೇಬರು ಕಿಟಕಿಯಾಚೆ ನೋಡುತ್ತ, "ಈ ಅರ್ಜಿ ಬರದಾವ ಆ ತಾಲೀಮಿನ್ಯಾಗ ಒಂದ ದಿನಾನೂ ಕಾಲ ಇಟ್ಟಾವಲ್ಲ ನೋಡ್ರಿ" ಅಂದರು. ನಾನು "ಹೌದರಿ" ಅಂದೆ.

ಇಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಿರಬೇಕೆಂದು ನೀವು ತಿಳಿದಿರಬಹುದು. ಆರಲಿಲ್ಲ, ಜಾಗ ಬದಲಿಸಿತು. ಬೋರ್ಡಿನ ಸಾಲು ಹೋದ ಮೇಲೆ ಆ ಏಳು ಜನರೂ ಕೊಡುವುದನ್ನು ಬಿಟ್ಟರು. ಮುಂದಿನ ಯುಗಾದಿಯ ಹೊತ್ತಿಗೆ ವ್ಯಾಯಾಮ ಶಾಲೆ ಮುಚ್ಚಿತು. ಪಡಸಾಲೆಯ ಮಾಲಕರು ಅಲ್ಲಿ ಮತ್ತೆ ಮಗ್ಗ ಹೂಡಿದರು. ಅದರಲ್ಲೊಂದು ಮಗ್ಗಕ್ಕೆ ಶಿವಪುತ್ರನೇ ಕೂತ. ಅವನ ತೊಡೆ ಕುಣಿಯಲ್ಲಿ ಹಿಡಿಯಲಿಲ್ಲವೆಂದು ಕುಣಿಯನ್ನು ಒಂದು ಗೇಣು ಅಗಲ ಮಾಡಿಸಬೇಕಾಯಿತು. ಊರು ಇದನ್ನು ಹೇಳಿಕೊಂಡು ನಕ್ಕಿತು. ನಾನೂ ನಗಲು ನೋಡಿದೆ, ನಗು ಬರಲಿಲ್ಲ. ಗಂಡ ಹೆಂಡತಿ ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು ಕೂತು ನೇಯುತ್ತಿದ್ದರಂತೆ. ಒಂದು ಮಗ್ಗ ನಿಂತರೆ ಇನ್ನೊಂದು ಕಡೆಯಿಂದ ಯಾಕೆಂದು ಕೂಗು ಬರುತ್ತಿತ್ತಂತೆ. ಹಾಗೆ ಕೂಗಿ ಕೇಳುವವರು ನನಗಿರಲಿಲ್ಲವೆಂದಲ್ಲ. ಆದರೂ ಕೇಳಿ ಹೊಟ್ಟೆ ಉರಿಯಿತು.

ಮುಚ್ಚಿದ ದಿನ ಅವನು ಕಲ್ಲುಗಳನ್ನು ಶಿಷ್ಯರಿಗೆ ಹಂಚಿದ. ಸಂಜೆ ಹತ್ತರ ಬಿಲ್ಲೆಯೊಂದನ್ನು ಅಂಗೈಯಲ್ಲಿ ತಾಟಿನಂತೆ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಅಂಚಿನಲ್ಲಿ ಉಗುರು ಕೆರೆದಿದ್ದ ಜಾಗಕ್ಕೆ ಮತ್ತೆ ಬಣ್ಣ ಹಚ್ಚಿದ್ದ. ನನ್ನ ಹೆಂಡತಿಯ ಎದುರಿಗೇ ಬಾಗಿಲ ಬುಡದಲ್ಲಿ ಇಟ್ಟು, "ಲೇ ಕಾರಕೂನ, ಕೊಲ್ಲಾಪುರದ ಕಬ್ಬಣ. ನಿಮ್ಮ ಬಾಗಲಾ ಗಾಳಿಗೆ ಬಡೀತೈತಿ, ಇಟಗೋ" ಅಂದ. ಅಷ್ಟೇ. ಚಹಾ ಕುಡಿದ, ಮಗಳ ತಲೆ ಸವರಿದ, ಹೋದ. ಆಮೇಲೆಯೂ ಬರುತ್ತಲೇ ಇದ್ದ. ಒಂದು ದಿನವೂ ಆ ಮಾತೆತ್ತಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ಅಷ್ಟು ಸುಖವನ್ನೂ ಅವನು ನನಗೆ ಕೊಡಲಿಲ್ಲ.

ಕೆಲವು ವರ್ಷಗಳ ಹಿಂದೆ ಅವನು ತೀರಿಕೊಂಡ. ಹೆಗಲು ಕೊಡಲು ಪಾಳಿ ಹಚ್ಚಿದ್ದರು. ಐದು ರೂಪಾಯಿ ಕೊಡದ ಆ ಐವತ್ತಮೂರರಲ್ಲಿ ಬದುಕಿದ್ದವರೆಲ್ಲ ಬಂದಿದ್ದರೆಂದು ಕಾಣುತ್ತದೆ. ಗುಂಪಿನ ಹಿಂದೆ ನಿಂತು ನಾನು, ನನ್ನ ಕಾಲಕ್ಕೆ ಎಷ್ಟು ಜನ ಬಂದಾರು ಎಂದು ಎಣಿಸುತ್ತಿದ್ದೆ. ಎಣಿಸುವ ಚಟ ನೋಡಿ. ಈಗ ನಮ್ಮ ಊರಿನ ದೊಡ್ಡ ರಸ್ತೆಯಲ್ಲಿ ಗಾಜಿನ ಗೋಡೆಯ ಜಿಮ್ಮು ಬಂದಿದೆ. ಬಣ್ಣ ಬಣ್ಣದ ದೀಪ, ಓಡಿದರೂ ಮುಂದೆ ಹೋಗದ ಯಂತ್ರಗಳು. ಗೆಳೆಯರು ಅದರೆದುರು ನಿಂತು, ಏನು ಗಳಿಸುತ್ತಾನಪ್ಪ ಎನ್ನುತ್ತಾರೆ. ನಾನು ಹೊರಗಿನಿಂದ ಗುಣಾಕಾರ ಮಾಡುವುದನ್ನು ಬಿಟ್ಟಿದ್ದೇನೆ. ಆ ಗಾಜಿನ ಹಿಂದೆ ಯಾರ ಮಗ್ಗ ನಡೆಯುತ್ತಿದೆಯೋ ಯಾರಿಗೆ ಗೊತ್ತು?

ಇಷ್ಟೆಲ್ಲ ಇವತ್ತು ಬೆಳಿಗ್ಗೆ ಆ ಕೆಂಪು ಚಕ್ಕೆ ಕಂಡಾಗ ಎದ್ದು ಬಂತು. ಮಧ್ಯಾಹ್ನ ನಿದ್ದೆ ಬರಲಿಲ್ಲ. ಸಂಜೆ ಹೆಂಡತಿ ಗುಡಿಗೆ ಹೋದಾಗ ಆಟೋದವನನ್ನು ಕರೆದು, ಕಲ್ಲನ್ನು ಅವನ ಕೈಯಿಂದಲೇ ಎತ್ತಿ ಇಡಿಸಿಕೊಂಡು, ನೀಲವ್ವನ ಮನೆಗೆ ಹೋದೆ. ಅವಳು ಈಗ ನೇಯುವುದಿಲ್ಲ. ಪಡಸಾಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಆಟೋದವನು ಕಲ್ಲನ್ನು ಕಟ್ಟೆಯ ಮೇಲೆ ಇಳಿಸಿ ಹೋದ.

"ವೈನಿ, ಒಂದ ಮಾತ ಹೇಳಬೇಕಿತ್ತು. ಆ ಅರ್ಜಿ..." ಅಂದೆ.

"ಗೊತ್ತೈತ್ರಿ ಅಣ್ಣಾರ" ಅಂದಳು. ಕೈ ನಿಲ್ಲಲಿಲ್ಲ. "ಅವತ್ತ ಮಧ್ಯಾನ್ನ ಊಟಕ್ಕ ಕೂತಾಗ ಹೇಳಿದ್ರು. ಹೇಳಿ ನಕ್ರು. ಊರಾಗ ಒಬ್ಬಾವರ ನಮ್ಮನ್ನ ಸಾವಕಾರ ಅಂತ ತಿಳಕೊಂಡಾನ ನೋಡು ನೀಲಾ, ಅಂದ್ರು. ಭಾಳ ನಕ್ರು."

ನನಗೂ ಒಂದು ಸಣ್ಣ ನಗು ಬಂತು. ಬಂದದ್ದು ಅಲ್ಲಿಯೇ ನಿಂತಿತು. ಅವಳು ಮುಖ ಎತ್ತಿ ನನ್ನನ್ನು ನೋಡುತ್ತಿದ್ದಳು.

"ಆ ತಾಲೀಮಿನ ಪಡಸಾಲಿ ಬಾಡಿಗಿ ತಿಂಗಳಿಗೆ ಮೂವತ್ತೈದ ರೂಪಾಯಿ ಇತ್ತರಿ. ಅವರು ನಕ್ರು. ನಾ ನಗಲಿಲ್ಲ."

ತಪ್ಪಾಯಿತು ಎನ್ನಬೇಕೆಂದು ನಲವತ್ತು ವರ್ಷದಿಂದ ಸಿದ್ಧ ಮಾಡಿಕೊಂಡಿದ್ದ ಮಾತು ಬಹಳ ಉದ್ದವಿತ್ತು. "ತಪ್ಪಾತ್ರಿ ವೈನಿ" ಎಂಬುದಷ್ಟೇ ಹೊರಗೆ ಬಂತು. ಅವಳು ಕಲ್ಲಿನ ಕಡೆ ಗದ್ದ ತೋರಿಸಿ, "ಇದನ್ಯಾಕ ತಂದ್ರಿ?" ಎಂದು ಕೇಳಿದಳು.

"ನಿಮ್ಮ ಹಂತ್ಯಾಕ ಇರ್ಲಿ ಅಂತ."

"ಕೊಟ್ಟದ್ದನ್ನ ಹೊಳ್ಳಿ ತಗೊಳ್ಳೋ ಮಂದಿ ಅಲ್ಲರಿ ನಾವು. ಒಯ್ಯಿರಿ. ಆಟೋದಾಗ ಬ್ಯಾಡ." ಅವಳು ನೂಲಿನ ಎಳೆ ಹಲ್ಲಿನಿಂದ ಕಡಿದಳು. "ಅವರ ತಾಲೀಮಿನ್ಯಾಗ ಬಂದಾವರೆಲ್ಲಾ ಒಮ್ಮೆರ ಎತ್ತ್ಯಾರ್ರಿ. ನೀವೊಬ್ರ ಉಳದೀರಿ."

ನಾನು ಬಗ್ಗಿದೆ. ಮೊಣಕಾಲು ಲಟಕ್ಕೆಂದಿತು. ಎರಡೂ ಕೈ ಕೆಳಗೆ ಹಾಕಿ ಎತ್ತಿದೆ. ತಣ್ಣಗಿತ್ತು, ಒರಟಾಗಿತ್ತು, ಮುಟ್ಟಿದ ಮರುಗಳಿಗೆ ಯಾವ ಕುರುಡನಿಗೂ ಕಲ್ಲೆಂದು ತಿಳಿಯುವಂತಿತ್ತು. ಹೊಟ್ಟೆಗವಚಿಕೊಂಡು ಮೆಟ್ಟಿಲಿಳಿದೆ. ತಿರುಗಿ ನೋಡಿದಾಗ ನೀಲವ್ವ ಕಂಬ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದಾರಿಯಲ್ಲಿ ನಾಲ್ಕು ಕಡೆ ಇಳಿಸಿ ದಮ್ಮು ತೆಗೆದುಕೊಂಡೆ. "ಕೊಡ್ರಿ ಅಜ್ಜಾರ, ನಾ ಹಿಡೀತೇನಿ" ಎಂದವರಿಗೆಲ್ಲ ಬೇಡವೆಂದೆ. ಹತ್ತು ಕಿಲೋ ಇಷ್ಟು ತೂಕವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮನೆ ಮುಟ್ಟಿದಾಗ ಹೆಂಡತಿ ಗುಡಿಯಿಂದ ಬಂದು, ಬಡಿಯುವ ಬಾಗಿಲನ್ನು ಕೈಯಿಂದ ಹಿಡಿದುಕೊಂಡು ನಿಂತಿದ್ದಳು. ನನ್ನ ಬೆವರು ನೋಡಿದಳು, ಅಂಗಿಗೆ ಮೆತ್ತಿದ್ದ ಕರಿಯ ಬಣ್ಣದ ಪುಡಿ ನೋಡಿದಳು.

"ಏನ್ರಿ ಇದು ಅವತಾರ? ಎಲ್ಲಿಗೆ ಹೋಗಿದ್ರಿ?"

ಕಲ್ಲನ್ನು ಕುಕ್ಕದೆ, ಮೆಲ್ಲಗೆ ಅದರ ಜಾಗದಲ್ಲಿ ಇಳಿಸಿದೆ.

"ತಾಲೀಮಿಗೆ" ಅಂದೆ.